ಅಳತೆಗೊಂದು ಗುಬ್ಬಚ್ಚಿ

ಅಡುಗೆಯ ಪುಸ್ತಕವನ್ನು ಒಲೆಯ ಮುಂದೆ ಪರೀಕ್ಷಿಸಬೇಕು, ಹಕ್ಕಿಯ ಪುಸ್ತಕವನ್ನು ಹಿತ್ತಲಿನಲ್ಲಿ. ಸಲೀಂ ಅಲಿಯವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಬಗ್ಗೆ ಓದಿದ ಹೊಗಳಿಕೆಗಳೆಲ್ಲ ಮೇಜಿನ ಮುಂದೆ ಕೂತು ಬರೆದವು ಎಂದು ನನಗೆ ಅನಿಸುತ್ತಿತ್ತು. ಆದ್ದರಿಂದ ಕಳೆದ ಅಕ್ಟೋಬರಿನ ಮೊದಲ ವಾರ ಆ ಪುಸ್ತಕವನ್ನೂ, ಅವರ ಆತ್ಮಕಥೆ ‘ದಿ ಫಾಲ್ ಆಫ್ ಎ ಸ್ಪ್ಯಾರೋ’ವನ್ನೂ, ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿಪುಕ್ಕ’ವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಸಿದ್ದಾಪುರದ ಖಾಲಾ ಮನೆಗೆ ಹೋದೆ. ಸಿದ್ದಾಪುರವೆಂದರೆ ಉತ್ತರ ಕನ್ನಡದ, ಅಡಿಕೆ ತೋಟಗಳ ಸಿದ್ದಾಪುರ ಅಲ್ಲ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನದು. ಬಂಡೆ, ಜಾಲಿ, ಕಡಲೆಕಾಯಿ ಹೊಲ, ಕುರಿಮಂದೆಗಳ ಸಿದ್ದಾಪುರ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ ಇದು.

ಬೆಳಿಗ್ಗೆ ಆರಕ್ಕೆ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತೆ. ಖಾಲಾ ಫಜರ್ ನಮಾಜು ಮುಗಿಸಿ, ಕೋಳಿಗೂಡಿನ ಬಾಗಿಲು ತೆಗೆದು, ಒಂದು ಹಿಡಿ ನುಚ್ಚು ಎರಚಿದರು. ಕೋಳಿಗಳಿಗಿಂತ ಮೊದಲು ಗುಬ್ಬಚ್ಚಿಗಳು ಇಳಿದವು. ನಾನು ಪುಟ ತಿರುಗಿಸುತ್ತಿದ್ದುದನ್ನು ಅವರು ಸ್ವಲ್ಪ ಹೊತ್ತು ನೋಡಿದರು.

‘ಏನ್ ಬೇಟಾ, ಹಕ್ಕಿ ನೋಡಾಕ್ ಬಂದೀಯೋ, ಕಿತಾಬ್ ನೋಡಾಕ್ ಬಂದೀಯೋ?’

ಎರಡೂ ಎಂದೆ. ‘ಹಂಗಾದ್ರೆ ಎರಡೂ ಸಿಗಂಗಿಲ್ಲ’ ಎಂದು ಒಳಗೆ ಹೋದರು. ಆ ದಿನದ ಮೊದಲ ವಿಮರ್ಶೆ ಅದು. ಆದರೆ ಅವರ ಮಾತು ಸಲೀಂ ಅಲಿಯವರ ಪುಸ್ತಕದ ಮಟ್ಟಿಗೆ ಪೂರ್ತಿ ನಿಜವಲ್ಲ ಎಂಬುದು ಒಂದು ಗಂಟೆಯೊಳಗೆ ಗೊತ್ತಾಯಿತು.

ಈ ಪುಸ್ತಕ ಮೊದಲು ಬಂದದ್ದು 1941ರಲ್ಲಿ. ಅದಕ್ಕೂ ಹಿಂದೆ ನಮ್ಮ ದೇಶದ ಹಕ್ಕಿಗಳ ಬಗ್ಗೆ ದಪ್ಪ ದಪ್ಪ ಸಂಪುಟಗಳಿದ್ದವು. ಬರೆದವರು ಬಹುಪಾಲು ಬ್ರಿಟಿಷ್ ಅಧಿಕಾರಿಗಳು, ಓದುವವರೂ ಅವರೇ. ಹಕ್ಕಿಯನ್ನು ಕೈಯಲ್ಲಿ ಹಿಡಿದು, ಎಂದರೆ ಕೊಂದು, ಕೊಕ್ಕು ರೆಕ್ಕೆಗಳನ್ನು ಅಳೆದು ಗುರುತಿಸುವ ಕ್ರಮ ಅವುಗಳದು. ಸಲೀಂ ಅಲಿ ಮಾಡಿದ ಬದಲಾವಣೆ ಮೇಲ್ನೋಟಕ್ಕೆ ಬಹಳ ಸಣ್ಣದು. ಹಕ್ಕಿಯ ಗಾತ್ರವನ್ನು ಹೇಳುವಾಗ ಅವರು ಇಂಚಿನ ಲೆಕ್ಕವನ್ನು ಹಿಂದಕ್ಕೆ ಸರಿಸಿದರು. ಗುಬ್ಬಚ್ಚಿ, ಪಿಕಳಾರ, ಮೈನಾ, ಪಾರಿವಾಳ, ಕಾಗೆ, ಹದ್ದು, ಊರಕೋಳಿ, ರಣಹದ್ದು, ಹೀಗೆ ಎಲ್ಲರೂ ಕಂಡ ಹಕ್ಕಿಗಳನ್ನೇ ಅಳತೆಗೋಲು ಮಾಡಿಕೊಂಡರು. ಗುಬ್ಬಿಗಿಂತ ತುಸು ದೊಡ್ಡದಾದರೆ ಗುಬ್ಬಿಯ ಮುಂದೆ ಕೂಡುವ ಚಿಹ್ನೆ, ಚಿಕ್ಕದಾದರೆ ಕಳೆಯುವ ಚಿಹ್ನೆ. ಅಷ್ಟೇ.

ಇದರ ಬೆಲೆ ನನಗೆ ಅರ್ಥವಾದದ್ದು ಖಾಲಾ ಚಹಾ ತಂದಾಗ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಪ್ಪು ಬಿಳುಪಿನ ಹಕ್ಕಿಯೊಂದು ಬಾಲ ನಿಮಿರಿಸಿ ಕೂತಿತ್ತು. ಅದರ ಗಾತ್ರ ಎಷ್ಟಿರಬಹುದು ಎಂದು ಕೇಳಿದೆ. ಸೆಂಟಿಮೀಟರಿನಲ್ಲಿ ಕೇಳಿದ್ದರೆ ಅವರು ನಗುತ್ತಿದ್ದರು. ‘ಗುಬ್ಬಿಗಿಂತ ದೊಡ್ದು, ಮೈನಾಕ್ಕಿಂತ ಸಣ್ದು’ ಎಂದರು. ಪುಸ್ತಕ ತೆರೆದು ಮಡಿವಾಳ ಹಕ್ಕಿಯ ಚಿತ್ರ ತೋರಿಸಿದೆ. ‘ಇದೇ, ಇದೇ. ಇವನಿಗ ಬೆಳಗಿನ ಜಾವ ನಾಕಕ್ಕೇ ಎಚ್ಚರ’ ಎಂದು ಅದರ ದಿನಚರಿಯನ್ನು ಹೇಳತೊಡಗಿದರು: ಬೇಸಗೆಯಲ್ಲಿ ಹೇಗೆ ಹಾಡುತ್ತದೆ, ಗೋಡೆಯ ಯಾವ ತೂತಿನಲ್ಲಿ ಮರಿ ಮಾಡುತ್ತದೆ, ಬೆಕ್ಕನ್ನು ಕಂಡರೆ ಹೇಗೆ ದನಿ ಬದಲಿಸುತ್ತದೆ. ಸಲೀಂ ಅಲಿಯವರ ಪುಸ್ತಕದ ಪ್ರತಿ ಪುಟದಲ್ಲೂ ಗಾತ್ರ, ಗುರುತು, ಎಲ್ಲಿ ಸಿಗುತ್ತದೆ, ಸ್ವಭಾವ, ಗೂಡು ಎಂಬ ಕ್ರಮವಿದೆ. ಅಕ್ಷರ ಬಾರದ ನನ್ನ ಖಾಲಾ ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ಹೇಳಿದರು. ಒಳ್ಳೆಯ ಪುಸ್ತಕ ಓದುಗನಿಗೆ ಹೊಸದನ್ನು ಕಲಿಸುತ್ತದೆ ಎನ್ನುತ್ತಾರೆ. ಇದು, ಓದಲು ಬಾರದವರಿಗೆ ಎಷ್ಟು ಗೊತ್ತಿದೆ ಎಂಬುದನ್ನು ಓದುವವನಿಗೆ ತೋರಿಸಿಕೊಟ್ಟ ಪುಸ್ತಕ.

ಆದರೆ ಅಳತೆಗೋಲಿಗೇ ಕೇಡು ಬಂದರೆ? 1990ರ ದಶಕದಿಂದ ಈಚೆಗೆ ನಮ್ಮ ದೇಶದ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅಳಿದವು. ದನಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ, ಸತ್ತ ದನದ ಮಾಂಸದ ಮೂಲಕ ಅವುಗಳ ಮೂತ್ರಪಿಂಡ ಸೇರಿ ಕೊಂದಿತು. 2006ರಲ್ಲಿ ಜಾನುವಾರುಗಳಿಗೆ ಅದರ ಬಳಕೆಯನ್ನು ನಿಷೇಧಿಸಲಾಯಿತಾದರೂ ಹೋದವು ಹೋದವು. ನನ್ನ ಮಗಳಿಗೆ ‘ರಣಹದ್ದಿನಷ್ಟು ದೊಡ್ಡದು’ ಎಂದರೆ ಏನೂ ಹೇಳಿದಂತಾಗುವುದಿಲ್ಲ. ಅವಳು ಅದನ್ನು ಕಂಡಿಲ್ಲ. ಒಂದು ಪುಸ್ತಕ ಹಳತಾಗುವುದು ಮುದ್ರಣದಿಂದಲ್ಲ, ಅದು ಆಸರೆಯಾಗಿ ಹಿಡಿದ ಸಾಮಾನ್ಯ ಅನುಭವ ಕರಗಿದಾಗ. ಗುಬ್ಬಚ್ಚಿಯ ವಿಷಯದಲ್ಲೂ ಇದೇ ಭಯವಿತ್ತು. ಮೊಬೈಲ್ ಗೋಪುರಗಳು ಗುಬ್ಬಿಗಳನ್ನು ಮುಗಿಸಿದವು ಎಂದು ಎಷ್ಟೋ ಲೇಖನಗಳು ಬಂದವು. ನಾನೂ ಒಮ್ಮೆ ಹಾಗೆ ಬರೆದಿದ್ದೇನೆ. ಆದರೆ 15,500ಕ್ಕೂ ಹೆಚ್ಚು ಪಕ್ಷಿವೀಕ್ಷಕರ ಒಂದು ಕೋಟಿಗೂ ಮಿಕ್ಕಿದ ದಾಖಲೆಗಳನ್ನು ಒಟ್ಟುಮಾಡಿ 2020ರಲ್ಲಿ ಹೊರತಂದ ದೇಶದ ಹಕ್ಕಿಗಳ ಸ್ಥಿತಿಗತಿಯ ವರದಿ ಬೇರೆ ಮಾತು ಹೇಳಿತು. ದೊಡ್ಡ ನಗರಗಳಲ್ಲಿ ಗುಬ್ಬಿ ಕಡಿಮೆಯಾಗಿರುವುದು ನಿಜ, ಒಟ್ಟು ದೇಶದಲ್ಲಿ ಅದು ಹೆಚ್ಚುಕಡಿಮೆ ಇದ್ದಷ್ಟೇ ಇದೆ. ಖಾಲಾ ಮನೆಯ ಅಂಗಳವೇ ಅದಕ್ಕೆ ಸಾಕ್ಷಿ. ಅಂದು ಎಣಿಸಿದಾಗ ಮೂವತ್ತನಾಲ್ಕು ಸಿಕ್ಕವು, ಆಮೇಲೆ ಎಣಿಕೆ ತಪ್ಪಿತು.

ಆತ್ಮಕಥೆಯ ಕಡೆಗೆ ಬರುತ್ತೇನೆ. ಅದು ಪ್ರಕಟವಾದದ್ದು 1985ರಲ್ಲಿ, ಸಲೀಂ ಅಲಿಯವರು ಎಂಬತ್ತೆಂಟು ದಾಟಿದ್ದಾಗ. ಆರಂಭದ ಘಟನೆ ಬಹುಮಂದಿಗೆ ಗೊತ್ತು. ಮುಂಬಯಿಯ ಹುಡುಗ, ಹನ್ನೆರಡು ವರ್ಷ, ಕೈಯಲ್ಲಿ ಏರ್‌ಗನ್ನು. ತಂದೆತಾಯಿ ಇಲ್ಲದ ಅವನು ಬೆಳೆದದ್ದು ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿಯವರ ಮನೆಯಲ್ಲಿ. ಹೊಡೆದು ಬೀಳಿಸಿದ ಗುಬ್ಬಿಯ ಕೊರಳಲ್ಲಿ ಸಾರಿನ ಕಲೆಯಂಥ ಹಳದಿ ಮಚ್ಚೆ. ಇದು ಮಾಮೂಲಿ ಗುಬ್ಬಿಯಲ್ಲ. ಹಾಗಾದರೆ ಮುಸ್ಲಿಮನಾದವನು ತಿನ್ನಬಹುದೇ, ಬಾರದೇ? ಹುಡುಗ ಮಾವನ ಬಳಿ ಹೋದ. ಶಿಕಾರಿಯ ಹವ್ಯಾಸವಿದ್ದ ಮಾವನಿಗೂ ಹಕ್ಕಿಯ ಗುರುತು ಹತ್ತಲಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಅವರಿಗೆ ಒಂದು ಚೀಟಿ ಬರೆದು ಕಳಿಸಿದರು. ಅದು 1908. ಮಿಲ್ಲಾರ್ಡ್ ಬೀರುಗಳನ್ನು ಒಂದೊಂದಾಗಿ ತೆರೆದು ತೋರಿಸಿದರು. ಹುಡುಗ ಮತ್ತೆ ಆ ಬೀರುಗಳಿಂದ ಹೊರಗೆ ಬರಲಿಲ್ಲ ಎನ್ನಬಹುದು.

ಈ ಘಟನೆಯನ್ನು ವಿಜ್ಞಾನಿಯೊಬ್ಬನ ಹುಟ್ಟು ಎಂದು ಎಲ್ಲರೂ ಬರೆಯುತ್ತಾರೆ. ನನಗೆ ಇದರಲ್ಲಿ ಕುತೂಹಲ ಹುಟ್ಟಿಸುವುದು ಆ ಮೊದಲ ಪ್ರಶ್ನೆ. ಅದು ಪ್ರಯೋಗಾಲಯದ ಪ್ರಶ್ನೆಯಲ್ಲ, ಊಟದ ಬಟ್ಟಲಿನ ಪ್ರಶ್ನೆ. ಇದು ಏನು ಎಂದು ತಿಳಿಯದೆ ಇದನ್ನು ಏನು ಮಾಡಬಹುದು ಎಂದು ಹೇಳಲಾಗದು ಎಂಬ ಹಿಂಜರಿಕೆ. ನಮ್ಮ ಮನೆಗಳಲ್ಲಿ ಹಲಾಲು ಹರಾಮಿನ ಮಾತು ಬಂದ ಕೂಡಲೇ ಪ್ರಶ್ನೆ ಮುಗಿಯಿತು ಎಂದುಕೊಳ್ಳುತ್ತೇವೆ. ಇಲ್ಲಿ ಅದೇ ಮಾತು ಪ್ರಶ್ನೆಯನ್ನು ತೆರೆಯಿತು. ಮುಂದೆ ಸಲೀಂ ಅಲಿಯವರು ಧಾರ್ಮಿಕ ಆಚರಣೆಗಳಿಂದ ದೂರವೇ ಉಳಿದರು. ಆತ್ಮಕಥೆಯಲ್ಲಿ ಅದನ್ನು ಮುಚ್ಚಿಟ್ಟೂ ಇಲ್ಲ. ಆ ಕಾರಣಕ್ಕೆ ಅವರನ್ನು ನಮ್ಮವರಲ್ಲ ಎನ್ನುವವರೂ, ಹೆಸರಿನ ಕಾರಣಕ್ಕೆ ಮಾತ್ರ ನಮ್ಮವರು ಎಂದು ಸಭೆಗಳಲ್ಲಿ ಹೆಮ್ಮೆಪಡುವವರೂ ಇದ್ದಾರೆ. ಎರಡು ಗುಂಪಿನಲ್ಲೂ ಪುಸ್ತಕ ಓದಿದವರು ಕಡಿಮೆ.

ಪುಸ್ತಕದ ಮಧ್ಯಭಾಗ ನನಗೆ ಹೆಚ್ಚು ಪ್ರಿಯ. ಪದವಿ ಇಲ್ಲವೆಂದು ಸರ್ಕಾರಿ ಹುದ್ದೆ ಸಿಗಲಿಲ್ಲ. 1929ರಲ್ಲಿ ಬರ್ಲಿನ್ನಿಗೆ ಹೋಗಿ ಎರ್ವಿನ್ ಸ್ಟ್ರೆಸೆಮನ್ ಬಳಿ ಕಲಿತು ಬಂದರೂ ಕೆಲಸವಿಲ್ಲ. ಬಾಡಿಗೆ ಉಳಿಸಲು ಹೆಂಡತಿ ತೆಹ್ಮೀನಾ ಜೊತೆ ಮುಂಬಯಿ ಸಮೀಪದ ಕಡಲತೀರದ ಹಳ್ಳಿ ಕಿಹಿಮ್‌ಗೆ ಹೋದರು. ಅಲ್ಲಿ ಮನೆಯ ಹತ್ತಿರವೇ ಗೀಜಗನ ಗೂಡುಗಳು. ಬೇರೆ ಕೆಲಸವಿಲ್ಲದ ಮನುಷ್ಯ ತಿಂಗಳುಗಟ್ಟಲೆ ಅವನ್ನು ನೋಡಿದ. ಗಂಡು ಗೀಜಗ ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತದೆ, ಹೆಣ್ಣುಗಳು ಬಂದು ಒಳಹೊಕ್ಕು ಪರೀಕ್ಷೆ ಮಾಡುತ್ತವೆ, ಒಪ್ಪಿದರೆ ಮಾತ್ರ ಗೂಡು ಪೂರ್ತಿಯಾಗುತ್ತದೆ. ಅವಳು ಮೊಟ್ಟೆಯಿಟ್ಟು ಕೂತಾಗ ಗಂಡು ಮುಂದಿನ ಗೂಡಿಗೆ ಕೈಹಾಕುತ್ತದೆ. ಅಲ್ಲಿಯವರೆಗಿನ ದೊಡ್ಡ ಸಂಪುಟಗಳಿಗೆ ತಿಳಿಯದಿದ್ದ ವಿಷಯ ಇದು. ನಿರುದ್ಯೋಗ ಇಷ್ಟು ಫಲ ಕೊಟ್ಟದ್ದು ಅಪರೂಪ. ಆದರೆ ಒಂದು ಮಾತು ಸೇರಿಸಬೇಕು. ಕಿಹಿಮ್‌ನಲ್ಲಿ ಇರಲು ಒಂದು ಮನೆ ಇತ್ತು, ಹಿಂದೆ ತಯ್ಯಬ್‌ಜಿ ಕುಟುಂಬದ ಬಳಗವಿತ್ತು. ಆತ್ಮಕಥೆಯ ಹಗುರವಾದ, ತನ್ನನ್ನೇ ಗೇಲಿ ಮಾಡಿಕೊಳ್ಳುವ ದನಿಯಲ್ಲಿ ಈ ಸಂಗತಿ ಸುಲಭವಾಗಿ ತೇಲಿಹೋಗುತ್ತದೆ. ಮೊಳಕಾಲ್ಮೂರಿನ ನೇಕಾರನ ಮಗನಿಗೆ ಎರಡು ವರ್ಷ ಕೆಲಸ ಸಿಗದಿದ್ದರೆ ಅವನು ಗೀಜಗ ನೋಡುತ್ತ ಕೂರಲಾರ, ಬೆಂಗಳೂರಿನ ಬಸ್ಸು ಹತ್ತುತ್ತಾನೆ.

ಖಾಲಾ ಊರಿನ ಹೊರಗೆ ಹೊಲದ ಬಾವಿಯ ಮೇಲಿನ ಈಚಲು ಮರದಲ್ಲೂ ಗೀಜಗನ ಗೂಡುಗಳಿದ್ದವು. ಮಳೆಗಾಲದ ಸಂಸಾರ ಮುಗಿದು ಹೆಚ್ಚಿನವು ಖಾಲಿ. ಅರ್ಧಕ್ಕೆ ಬಿಟ್ಟವು ಐದಾರು, ಟೊಪ್ಪಿಗೆಯಂತೆ ತೂಗಾಡುತ್ತಿದ್ದವು. ಚಿಕ್ಕಂದಿನಲ್ಲಿ ಅವನ್ನು ಗಾಳಿ ಕಿತ್ತುಹಾಕಿದ ಗೂಡು ಎಂದುಕೊಂಡಿದ್ದೆ. ಯಾರೋ ಒಪ್ಪದೆ ಹೋದ ಮನೆಗಳು ಅವು ಎಂದು ಈಗ ಗೊತ್ತು.

ಇನ್ನೊಂದು ಕಷ್ಟದ ವಿಷಯವಿದೆ. ಸಲೀಂ ಅಲಿಯವರು ಬದುಕಿನುದ್ದಕ್ಕೂ ಹಕ್ಕಿಗಳನ್ನು ಹೊಡೆದರು. ಸಂಸ್ಥಾನಗಳಿಗೆ ಪತ್ರ ಬರೆದು, ಖರ್ಚು ಮಾತ್ರ ಕೊಡಿ, ಸಂಬಳ ಬೇಡ ಎಂದು ಕೇಳಿ ಹೈದರಾಬಾದ್, ತಿರುವಾಂಕೂರು, ಕೊಚ್ಚಿಗಳ ಪಕ್ಷಿ ಸಮೀಕ್ಷೆ ಮಾಡಿದರು. 1939-40ರಲ್ಲಿ ನಮ್ಮ ಮೈಸೂರು ಸಂಸ್ಥಾನದ್ದು. ಆ ವರ್ಷವೇ, 1939ರಲ್ಲಿ, ತೆಹ್ಮೀನಾ ತೀರಿಕೊಂಡಿದ್ದರು. ಆ ಸಮೀಕ್ಷೆಗಳೆಂದರೆ ಬಂದೂಕು, ಚರ್ಮ ಬಿಡಿಸಿ ತುಂಬಿದ ಮಾದರಿಗಳು, ಚೀಟಿಗಳು. ಅವರ ಒತ್ತಾಸೆಯಿಂದ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದೂ ಅದೇ ಕಾಲದಲ್ಲಿ. ಒಂದೇ ಮನುಷ್ಯ, ಒಂದೇ ಪ್ರವಾಸ. ಮಾದರಿ ಇಲ್ಲದೆ ವಿಜ್ಞಾನವಿಲ್ಲ ಎಂಬುದು ಅವರ ಸಮರ್ಥನೆ. ಆ ಕಾಲಕ್ಕೆ ಅದು ಒಪ್ಪತಕ್ಕದ್ದೇ. ಆದರೂ ನಾನು ಈ ಭಾಗವನ್ನು ಖಾಲಾಗೆ ಹೇಳಿದಾಗ ಅವರು ಒಂದು ಹದೀಸನ್ನು ನೆನೆದರು: ಕಾರಣವಿಲ್ಲದೆ ಕೊಂದ ಗುಬ್ಬಚ್ಚಿಯ ಬಗ್ಗೆಯೂ ನಾಳೆ ಲೆಕ್ಕ ಕೇಳಲಾಗುತ್ತದೆ. ‘ಅವರಿಗ ಕಾರಣ ಇತ್ತಲ್ಲ ಖಾಲಾ’ ಎಂದೆ. ‘ಇರಬೋದು. ಕೇಳೋದು ಮಾತ್ರ ತಪ್ಪಂಗಿಲ್ಲ’ ಎಂದರು. ಇಂಗ್ಲಿಷಿನ ವಿಮರ್ಶಕರು ಈ ಪುಸ್ತಕದ ಹೆಸರಿನಲ್ಲಿ ಷೇಕ್ಸ್‌ಪಿಯರನ್ನೂ ಬೈಬಲ್ಲನ್ನೂ ಕಾಣುತ್ತಾರೆ. ಅದು ಸರಿ. ನನಗೆ ಇನ್ನು ಮೇಲೆ ಆ ಹೆಸರು ಖಾಲಾ ದನಿಯಲ್ಲೇ ಕೇಳಿಸುವುದು.

ಮಧ್ಯಾಹ್ನದ ಹೊತ್ತಿಗೆ ಬಂಡೆಗಳ ಕಡೆ ನಡೆದೆ. ಈ ಸೀಮೆಯ ಹೆಸರು ಜಗತ್ತಿನ ಪುಸ್ತಕಗಳಲ್ಲಿ ಇರುವುದು ಹಕ್ಕಿಗಾಗಿ ಅಲ್ಲ, ಅಶೋಕನಿಗಾಗಿ. 1892ರಲ್ಲಿ ಬಿ.ಎಲ್. ರೈಸ್ ಅವರು ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗರಾಮೇಶ್ವರ ಈ ಮೂರು ಕಡೆ ಅಶೋಕನ ಕಿರುಶಾಸನಗಳನ್ನು ಕಂಡುಹಿಡಿದರು. ಬ್ರಹ್ಮಗಿರಿಯ ಬಂಡೆಗೆ ಜನ ಅಕ್ಷರಗುಂಡು ಎನ್ನುತ್ತಾರೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ವೃತ್ತಿಯ ಮಾತನ್ನು ಮಾತ್ರ ವಾಯವ್ಯ ಗಡಿನಾಡಿನ ಖರೋಷ್ಠಿಯಲ್ಲಿ ಬರೆದಿದ್ದಾನೆ. ಎಲ್ಲಿಂದ ಎಲ್ಲಿಗೆ ಬಂದ ಮನುಷ್ಯನೋ! ತಂದೆತಾಯಿಗೆ ವಿಧೇಯನಾಗಿರು, ಪ್ರಾಣಿಗಳ ವಿಷಯದಲ್ಲಿ ದಯೆ ಗಟ್ಟಿಯಾಗಿರಲಿ, ಸತ್ಯ ಹೇಳು ಎಂಬ ಉಪದೇಶ ಈ ಶಾಸನದಲ್ಲಿದೆ. ಕರ್ನಾಟಕದ ನೆಲದಲ್ಲಿ ಸಿಕ್ಕ ಅತಿ ಹಳೆಯ ಬರಹಗಳಲ್ಲೇ ಜೀವಿಗಳ ಪರವಾದ ಮಾತೊಂದು ಇದೆ, ಮತ್ತು ಅದು ಮಲೆನಾಡಿನಲ್ಲಿಲ್ಲ, ಈ ಒಣನೆಲದಲ್ಲಿದೆ. ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯ ದೊಡ್ಡ ಶಾಸನದಲ್ಲಿ ಅದೇ ಅರಸ ಇನ್ನೂ ಪ್ರಾಮಾಣಿಕ. ತನ್ನ ಅಡುಗೆಮನೆಗೆ ಮೊದಲು ಲಕ್ಷಗಟ್ಟಲೆ ಪ್ರಾಣಿಗಳು ಬೀಳುತ್ತಿದ್ದವು, ಈಗ ಎರಡು ನವಿಲು ಒಂದು ಜಿಂಕೆಗೆ ಇಳಿದಿದೆ, ಮುಂದೆ ಅದೂ ಇರುವುದಿಲ್ಲ ಎಂದು ಕೆತ್ತಿಸಿದ್ದಾನೆ. ಆ ಎರಡು ನವಿಲುಗಳನ್ನು ಒಪ್ಪಿಕೊಂಡದ್ದರಿಂದಲೇ ನನಗೆ ಅವನ ಮಾತಿನ ಮೇಲೆ ನಂಬಿಕೆ. ಬಂದೂಕನ್ನು ಬಚ್ಚಿಡದ ಸಲೀಂ ಅಲಿಯವರ ಮೇಲೂ ಹಾಗೆಯೇ.

ಬಂಡೆಯ ಹತ್ತಿರ ಆ ಉರಿಬಿಸಿಲಿನಲ್ಲಿ ನಾನು ಕಂಡದ್ದು ಬಹಳವೇನಲ್ಲ. ಒಂದು ಜೊತೆ ಕಳ್ಳಿಪೀರ, ವಿದ್ಯುತ್ ತಂತಿಯ ಮೇಲೆ ದಾಸಮಗರೆ, ಜಾಲಿಪೊದೆಯೊಳಗೆ ಗೌಜಲಿನ ಕೂಗು, ನೆಲ ಕೆದಕುತ್ತಿದ್ದ ಒಂದು ಚಂದ್ರಮುಕುಟ. ಈ ಕೊನೆಯದೇ ಹುದ್‌ಹುದ್, ಸುಲೈಮಾನ್ ಪೈಗಂಬರರಿಗೆ ದೂರದ ಸಬಾ ದೇಶದ ಸುದ್ದಿ ತಂದ ಹಕ್ಕಿ. ಹೆಸರನ್ನು ಕುರ್‌ಆನಿನಿಂದ ಕಲಿತ ಎಷ್ಟೋ ಮಂದಿ ಅದು ನಮ್ಮ ಹೊಲದ ಬದುವಿನಲ್ಲೇ ಹುಳ ಹೆಕ್ಕುತ್ತದೆ ಎಂದು ತಿಳಿಯದೆ ಬದುಕು ಮುಗಿಸುತ್ತಾರೆ.

ನೆಲಗುಬ್ಬಿಗಳು ಬೇಕಾದಷ್ಟಿದ್ದವು. ನೇರ ಮೇಲಕ್ಕೆ ಏರಿ, ರೆಕ್ಕೆ ಮುಚ್ಚಿ, ಕಲ್ಲಿನಂತೆ ಬಿದ್ದು, ನೆಲಕ್ಕೆ ತಾಗುವ ಮೊದಲು ಮತ್ತೆ ಏರುವ ಆಟ. ಅದನ್ನು ನೋಡುತ್ತಾ ‘ಹಕ್ಕಿಪುಕ್ಕ’ ತೆರೆದೆ.

ತೇಜಸ್ವಿಯವರಿಗೆ ಕನ್ನಡ ಓದುಗ ಎಷ್ಟು ಋಣಿಯೋ ಅಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಹಕ್ಕಿ ನೋಡುವುದು ಇಂಗ್ಲಿಷ್ ಬಲ್ಲ ಶ್ರೀಮಂತರ ಹವ್ಯಾಸ ಎಂಬ ಭಾವನೆಯನ್ನು ಒಡೆದವರು ಅವರು. ತಾವೇ ತೆಗೆದ ಚಿತ್ರ, ಕನ್ನಡದ ಹೆಸರು, ಎದುರಿಗೆ ಕೂತು ಮಾತಾಡುವಂಥ ಗದ್ಯ. ಕಾಜಾಣ, ಕೆಂಬೂತ, ಹರಟೆಮಲ್ಲ, ಕುಂಡೆಕುಸ್ಕ ಎಂಬ ಹೆಸರುಗಳು ಪುಸ್ತಕದಲ್ಲಿ ನಾಚಿಕೆಯಿಲ್ಲದೆ ಕೂತದ್ದು ಸಣ್ಣ ಸಂಗತಿಯಲ್ಲ. ಅನುವಾದದ ಕನ್ನಡದಲ್ಲಿ ಅವೇ ಹಕ್ಕಿಗಳಿಗೆ ಎಂಥ ಎಂಥ ಸಂಸ್ಕೃತ ಸಮಾಸಗಳು ಅಂಟುತ್ತವೆ ಎಂಬುದನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು. ಸಲೀಂ ಅಲಿಯವರ ಪುಸ್ತಕದಲ್ಲಿ ನಿಷ್ಕೃಷ್ಟತೆ ಇದೆ. ತೇಜಸ್ವಿಯವರಲ್ಲಿ ಸಲಿಗೆ ಇದೆ.

ಆದರೆ ಅವರ ಕ್ಯಾಮೆರಾ ಕೂತದ್ದು ಮೂಡಿಗೆರೆಯಲ್ಲಿ. ತೋಟ, ಕೆರೆ, ಕಾಡಂಚು, ಮಳೆ. ಅದು ಅವರ ತಪ್ಪಲ್ಲ. ಬರಹಗಾರ ತನ್ನ ಕಿಟಕಿಯಿಂದ ಕಂಡದ್ದನ್ನು ಬರೆಯುತ್ತಾನೆ. ನನ್ನ ತಕರಾರು ನಮ್ಮ ಸಾಹಿತ್ಯದ ಒಟ್ಟು ಕಣ್ಣಿನ ಬಗ್ಗೆ. ಕುವೆಂಪು ಬೆಳ್ಳಕ್ಕಿ ಸಾಲಿನಲ್ಲಿ ದೇವರ ರುಜು ಕಂಡದ್ದು ತುಂಗೆಯ ಮೇಲೆ. ಅವರ ನಂತರದವರು ಹಕ್ಕಿಯೆಂದರೆ ಕಾಡು, ಕಾಡೆಂದರೆ ಮಲೆನಾಡು ಎಂದು ಮುಂದುವರಿಸಿದರು. ಕುವೆಂಪು ಅವರ ಮೆಚ್ಚಿನ ಗುರು ಟಿ.ಎಸ್. ವೆಂಕಣ್ಣಯ್ಯನವರು ಇದೇ ಚಳ್ಳಕೆರೆ ತಾಲ್ಲೂಕಿನ ತಳುಕಿನವರು. ‘ಶ್ರೀರಾಮಾಯಣ ದರ್ಶನಂ’ ಅರ್ಪಣೆಯಾದದ್ದು ಅವರಿಗೇ. ಗುರುವಿನ ಊರಿನ ಆಕಾಶದಲ್ಲಿ ನೆಲಗುಬ್ಬಿ ಆಡುವ ಈ ಆಟಕ್ಕೆ ಸಮನಾದ ಒಂದು ಪುಟ ಕನ್ನಡದ ಶಿಷ್ಟ ಸಾಹಿತ್ಯದಲ್ಲಿ ನನಗಂತೂ ಸಿಕ್ಕಿಲ್ಲ. ಕಾಡುಗೊಲ್ಲರ ಪದಗಳಲ್ಲಿ, ಮ್ಯಾಸಬೇಡರ ಕಥನಗಳಲ್ಲಿ, ಸಾವಿರಾರು ಹಾಡುಗಳನ್ನು ಬಾಯಲ್ಲಿ ಹೊತ್ತಿದ್ದ ಚಳ್ಳಕೆರೆ ಸೀಮೆಯ ಸಿರಿಯಜ್ಜಿಯಂಥವರಲ್ಲಿ ಹುಡುಕಬೇಕು. ಜಾನಪದ ವಿದ್ವಾಂಸರು ಆ ಹಾಡುಗಳಲ್ಲಿ ದೈವ, ಕುಲ, ಬೆಡಗುಗಳನ್ನು ಪಟ್ಟಿ ಮಾಡಿದಷ್ಟು ಶ್ರದ್ಧೆಯಿಂದ ಹಕ್ಕಿಗಳನ್ನೂ ಪಟ್ಟಿ ಮಾಡಬೇಕು.

ಇದು ಬರೀ ಸಾಹಿತ್ಯದ ಜಗಳವಾಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಬರಹದಲ್ಲಿ ಕಾಣದ ನೆಲ ಕಡತದಲ್ಲಿ ಬಂಜರಾಗುತ್ತದೆ. ಹುಲ್ಲುಗಾವಲನ್ನೂ ಕುರುಚಲನ್ನೂ ಪಾಳುಭೂಮಿಯ ಲೆಕ್ಕಕ್ಕೆ ಸೇರಿಸುವ ಭೂಪಟಗಳನ್ನು ನಮ್ಮ ಸರ್ಕಾರಗಳೇ ಪ್ರಕಟಿಸುತ್ತ ಬಂದಿವೆ. ಚಳ್ಳಕೆರೆಯ ಅಮೃತ್ ಮಹಲ್ ಕಾವಲುಗಳ ಕಥೆ ಅದೇ. ಮೈಸೂರು ಒಡೆಯರ ಬೆಣ್ಣೆ ಚಾವಡಿಗೆ ಅಮೃತ್ ಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಸೈನ್ಯದ ಎತ್ತುಗಳಿಗೆಂದು ಕಾದಿಟ್ಟ ಆ ಹುಲ್ಲುಗಾವಲು ಎರಡು ಶತಮಾನಗಳಿಗೂ ಹೆಚ್ಚು ಕಾಲ ನೇಗಿಲು ಕಾಣದೆ ಉಳಿಯಿತು. ಅದರಿಂದಲೇ ಅಲ್ಲಿ ಕೃಷ್ಣಮೃಗ, ತೋಳ, ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳು ಉಳಿದವು. 2008ರಿಂದ ಈಚೆಗೆ ಕುದಾಪುರ, ಉಳ್ಳಾರ್ತಿ ಸುತ್ತಿನ ಕಾವಲಿನ ಸಾವಿರಾರು ಎಕರೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಕುರಿಗಾಹಿಗಳು ಗೋಡೆಯ ಮುಂದೆ ನಿಂತರು. ವಿಷಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದವರೆಗೂ ಹೋಯಿತು. ಆ ಸಂಸ್ಥೆಗಳು ದೇಶಕ್ಕೆ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಅದೇ ಯೋಜನೆಗೆ ಆಗುಂಬೆಯಲ್ಲಿ ಅಷ್ಟು ಎಕರೆ ಕೇಳಿದ್ದರೆ ಕನ್ನಡದ ಅರ್ಧ ಕವಿಗಳು ಬೀದಿಗೆ ಬರುತ್ತಿದ್ದರು. ಚಳ್ಳಕೆರೆಗೆ ಬಂದವರು ಕೈಬೆರಳಿನಲ್ಲಿ ಎಣಿಸುವಷ್ಟು.

ಎರೆಭೂತದ ಗತಿ ಇನ್ನೊಂದು ಉದಾಹರಣೆ. ಎರೆಹೊಲಗಳಲ್ಲಿ ಮನುಷ್ಯನ ಸೊಂಟದಷ್ಟು ಎತ್ತರಕ್ಕೆ ನಡೆದಾಡುತ್ತಿದ್ದ ಹಕ್ಕಿ. ರಾಷ್ಟ್ರಪಕ್ಷಿಯನ್ನು ಆರಿಸುವ ಮಾತು ಬಂದಾಗ ಸಲೀಂ ಅಲಿಯವರು ಇದರ ಪರವಾಗಿದ್ದರು. 1963ರಲ್ಲಿ ನವಿಲು ಗೆದ್ದಿತು. ನವಿಲಿಗೆ ಕಾವ್ಯವಿತ್ತು, ದೇವರ ವಾಹನವೆಂಬ ಗೌರವವಿತ್ತು, ಬಣ್ಣವಿತ್ತು. ಎರೆಭೂತಕ್ಕೆ ಇದ್ದದ್ದು ಬಯಲು ಮಾತ್ರ. ಇಂದು ಜಗತ್ತಿನಲ್ಲಿ ಅವು ಉಳಿದಿರುವುದು ಸುಮಾರು ನೂರೈವತ್ತು, ಬಹುಪಾಲು ರಾ‌ಜಸ್ಥಾನದಲ್ಲಿ. ಮೊಳಕಾಲ್ಮೂರಿನ ನೆರೆಯ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಹೊಲಗಳಲ್ಲಿ ಇತ್ತೀಚಿನ ವರ್ಷಗಳವರೆಗೂ ಬೆರಳೆಣಿಕೆಯಷ್ಟು ಕಂಡದ್ದುಂಟು. 1974ರಲ್ಲಿ ಕೃಷ್ಣಮೃಗದ ಅಭಯಾರಣ್ಯವಾದ ರಾಣೆಬೆನ್ನೂರಿನಲ್ಲಿ ‘ಬರಡು ನೆಲ’ಕ್ಕೆ ನೀಲಗಿರಿ ಮರ ನೆಟ್ಟು ಹಸಿರು ಮಾಡಲಾಗಿತ್ತು. ಬಯಲಿನ ಹಕ್ಕಿಗೆ ಮರದ ತೋಪು ಗೋಡೆಯಿದ್ದ ಹಾಗೆ. ಹಸಿರು ಎಂದರೆ ಒಳ್ಳೆಯದು ಎಂಬ ನಮ್ಮ ಶಾಲೆಯ ಪಾಠವೂ ಮಲೆನಾಡಿನಿಂದಲೇ ಬಂದದ್ದು.

ಬಂಡೆಯಿಂದ ಇಳಿಯುವಾಗ ಸಿಕ್ಕ ಕುರಿಗಾಹಿ ಹಿರಿಯರಿಗೆ ಮೂರೂ ಪುಸ್ತಕಗಳ ಚಿತ್ರ ತೋರಿಸಿದೆ. ಅವರು ಕೆಲವನ್ನು ಒಪ್ಪಿದರು, ಕೆಲವನ್ನು ‘ಇದು ನಮ್ಮಲ್ಲಿಲ್ಲ’ ಎಂದು ಬದಿಗೆ ತಳ್ಳಿದರು. ನಿಂತ ಹಕ್ಕಿಯ ಚಿತ್ರಕ್ಕಿಂತ ಎದ್ದು ಹಾರುವಾಗಿನ ಸದ್ದಿನಿಂದ ಅವರಿಗೆ ಗುರುತು ಹೆಚ್ಚು. ‘ಕಾಲಡಿಯಿಂದ ಬುರ್ರನೆ ಏಳ್ತದಲ್ಲ, ಆಗ ನೋಡ್ಬೇಕು ಸಾಬ್ರೇ, ಕೂತಾಗ ಅದು ಮಣ್ಣೇ ಸೈ’ ಎಂದರು. ನಮ್ಮ ಹಕ್ಕಿ ಪುಸ್ತಕಗಳ ದೊಡ್ಡ ಕೊರತೆ ಇದು. ಹಕ್ಕಿಯೊಡನೆ ಬದುಕುವವರ ಅರಿವು ಅವುಗಳಲ್ಲಿ ಅಡಿಟಿಪ್ಪಣಿಯಾಗಿಯೂ ಬರುವುದಿಲ್ಲ. ಸಲೀಂ ಅಲಿಯವರ ಸಂಸ್ಥೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸಕ್ಕೆ ಬಿಹಾರದ ಮೀರ್‌ಶಿಕಾರಿಗಳನ್ನು, ಅಂದರೆ ತಲೆಮಾರುಗಳಿಂದ ಹಕ್ಕಿ ಹಿಡಿಯುತ್ತಿದ್ದ ಮುಸ್ಲಿಮರನ್ನು, ಸೇರಿಸಿಕೊಂಡಿತು. ದರ್ಭಂಗಾದ ಅಲಿ ಹುಸೇನ್ ಅವರ ಕೈಚಳಕ ಪಕ್ಷಿವಿಜ್ಞಾನಿಗಳ ನಡುವೆ ದಂತಕಥೆ. ಆದರೆ ಅವರ ಅರಿವು ಅವರ ಹೆಸರಿನ ಪುಸ್ತಕವಾಗಲಿಲ್ಲ. ನಮ್ಮ ಹಕ್ಕಿಪಿಕ್ಕಿಗಳ ಅರಿವಿನ ಗತಿಯೂ ಅದೇ: 1972ರ ವನ್ಯಜೀವಿ ಕಾಯ್ದೆಯ ನಂತರ ಅವರ ಬೇಟೆ ಅಪರಾಧವಾಯಿತು, ಅದು ಸರಿಯೇ ಇರಬಹುದು, ಆದರೆ ಅವರಿಗೆ ಗೊತ್ತಿದ್ದುದನ್ನು ಯಾರೂ ಕೂತು ಬರೆದುಕೊಳ್ಳಲಿಲ್ಲ. ಹಕ್ಕಿಪಿಕ್ಕಿಗಳ ಬಗ್ಗೆ ಬರೆದದ್ದೆಲ್ಲ ಅವರ ಮೂಲ, ಭಾಷೆ, ಮದುವೆಯ ಪದ್ಧತಿ.

ಸಂಜೆ ಚಳ್ಳಕೆರೆಯಲ್ಲಿ ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ಒಂದು ಸಣ್ಣ ಉದ್ಯಾನಕ್ಕೆ ಹೋಗಿ ಕೂತೆ. ಕಡಲೆಕಾಯಿ ಎಣ್ಣೆಯ ಗಿರಣಿಗಳ ವಾಸನೆ, ಜಾರುಬಂಡೆಯಲ್ಲಿ ಮಕ್ಕಳು, ಕಲ್ಲುಬೆಂಚಿನಲ್ಲಿ ನಿವೃತ್ತರು. ಗೊರವಂಕಗಳೂ ಕಬ್ಬಕ್ಕಿಗಳೂ ರಾತ್ರಿಯ ಜಾಗಕ್ಕೆ ಜಗಳವಾಡುತ್ತಿದ್ದವು. ಹಳೆಯ ಮರದ ಪೊಟರೆಯಿಂದ ಒಂದು ಹಾಲಕ್ಕಿ ಹೊರಗೆ ಬಂದು ದುಂಡುಗಣ್ಣಿನಿಂದ ನನ್ನನ್ನೇ ನೋಡಿತು. ಬುಡುಬುಡಿಕೆಯವರು ಶಕುನ ಕೇಳುವ ಹಕ್ಕಿ ಇದೇ. ಪಕ್ಕದಲ್ಲಿದ್ದ ಹುಡುಗನೊಬ್ಬ ಮೊಬೈಲನ್ನು ಮೇಲಕ್ಕೆ ಹಿಡಿದ. ಅದರೊಳಗಿನ ಆ್ಯಪ್ ದನಿ ಕೇಳಿ ಇಂಗ್ಲಿಷಿನಲ್ಲಿ ಹೆಸರು ಹೇಳಿತು. ಸರಿಯಾಗಿಯೇ ಹೇಳಿತು. ‘ಕನ್ನಡದಾಗ ಏನಂತಾರೆ ಸರ್?’ ಎಂದು ನನ್ನನ್ನು ಕೇಳಿದ. ಹಾಲಕ್ಕಿ ಎಂದೆ. ‘ಓ, ಹಾಲಕ್ಕಿ ಅಂದ್ರೆ ನಿಜವಾಗ್ಲೂ ಇರೋ ಹಕ್ಕಿನಾ!’ ಎಂದ.

ಹದಿನೈದು ದಿನದ ಮೇಲೆ ಖಾಲಾ ಫೋನು ಮಾಡಿದರು. ನೀರಿನ ತೊಟ್ಟಿಯ ಬಳಿ ಹೊಸ ಹಕ್ಕಿಯೊಂದು ಬಂದಿದೆಯಂತೆ. ಗುಬ್ಬಿಯಷ್ಟೇ ಗಾತ್ರ, ಮೈ ಸಣಕಲು, ಹೊಟ್ಟೆ ಹಳದಿ, ನಿಂತಲ್ಲಿ ನಿಲ್ಲದೆ ಬಾಲ ಕುಣಿಸುತ್ತದೆ, ಹೋದ ವರ್ಷವೂ ಚಳಿಗೆ ಬಂದಿತ್ತು. ಕುಂಡೆಕುಸ್ಕ ಇರಬೇಕು ಎಂದೆ. ಹೆಸರು ಕೇಳಿ ಬಹಳ ಹೊತ್ತು ನಕ್ಕರು. ಆಮೇಲೆ, ಮುಂದಿನ ಸಲ ಬರುವಾಗ ಆ ಕಿತಾಬು ಇಲ್ಲೇ ಬಿಟ್ಟು ಹೋಗು ಎಂದರು.